ಗಾಜಿನೊಳಗಿನ ಒಮಾನ್

ಮ್ಯೂಸಿಯಂನ ಗಾಜಿನ ಪೆಟ್ಟಿಗೆಗೆ ಎರಡು ಕೆಲಸ. ಒಳಗಿಟ್ಟ ವಸ್ತುವನ್ನು ಅದು ತೋರಿಸಬೇಕು, ಕಾಯಲೂ ಬೇಕು. ಈ ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಚೆನ್ನಾಗಿ ಕಾಣಬೇಕೆಂದರೆ ಬೆಳಕು ಬೇಕು. ಅದೇ ಬೆಳಕು ಬಟ್ಟೆಯ ಬಣ್ಣವನ್ನು ತಿಂದುಹಾಕುತ್ತದೆ. ಚೆನ್ನಾಗಿ ಉಳಿಯಬೇಕೆಂದರೆ ಕತ್ತಲೆಯ ಕಪಾಟಿನಲ್ಲಿ ಮುಚ್ಚಿಡಬೇಕು. ಆಗ ನೋಡಲು ಬಂದವರಿಗೆ ಕಾಣುವುದು ಕಪಾಟಿನ ಬೀಗ. ಪೆಟ್ಟಿಗೆ ಕಟ್ಟುವವರ ಕಸುಬೆಲ್ಲ ಈ ಜಗಳವನ್ನು ರಾಜಿ ಮಾಡಿಸುವುದರಲ್ಲಿದೆ. ಉರಿಬಿಸಿಲು, ಉಪ್ಪುಗಾಳಿ, ಮರಳಿನ ದೂಳು ಮೂರೂ ಇರುವ ಒಮಾನಿನಲ್ಲಿ ಈ ರಾಜಿ ಇನ್ನಷ್ಟು ಕಷ್ಟ.

ವಸ್ತುವನ್ನು ಚೌಕಟ್ಟಿನೊಳಗೆ ಕೂರಿಸಿ ತೋರಿಸುವ ರೂಢಿ ಒಮಾನಿನ ಮನೆಗಳಿಗೆ ಹೊಸದಲ್ಲ. ಗಾಜು ಬರುವ ಮೊದಲೇ ಅಲ್ಲಿ ಗೋಡೆಯ ಗೂಡು ಇತ್ತು. ದಪ್ಪ ಮಣ್ಣುಗೋಡೆಯಲ್ಲಿ ಬಿಡಿಸಿ, ಮೇಲೆ ಕಮಾನು ಕೊಟ್ಟು, ಗಾರೆ ಬಳಿದ ಈ ಗೂಡಿಗೆ ರೋಝನಾ ಎಂದು ಹೆಸರು. ಅತಿಥಿಗಳು ಕೂರುವ ಮಜ್ಲಿಸ್ ಕೋಣೆಯಲ್ಲಿ ಇಂಥ ಗೂಡುಗಳ ಸಾಲೇ ಇರುತ್ತಿತ್ತು. ಚೀನಾದಿಂದ ಹಡಗಿನಲ್ಲಿ ಬಂದ ಪಿಂಗಾಣಿ ತಟ್ಟೆ, ಹಿತ್ತಾಳೆಯ ಕಾಫಿ ಹೂಜಿ, ಧರ್ಮಗ್ರಂಥ, ಇವೆಲ್ಲ ಬಂದವರ ಕಣ್ಣಿಗೆ ಬೀಳುವಂತೆ ಅಲ್ಲಿ ಕೂತಿರುತ್ತಿದ್ದವು. ನಮ್ಮ ಹಳೆಯ ಮನೆಗಳಲ್ಲಿ ಚಿಮಣಿ ದೀಪಕ್ಕೆ, ವೀಳ್ಯದ ತಟ್ಟೆಗೆ ಇದ್ದ ಗೋಡೆಗೂಡಿನ ದೂರದ ನೆಂಟ ಅದು. ಆದರೆ ನಮ್ಮ ಗೂಡು ಬಳಕೆಗೆ, ಅವರದ್ದು ಬಳಕೆಗೂ ಹೌದು, ಪ್ರದರ್ಶನಕ್ಕೂ ಹೌದು. ಇಮಾಮ್ ಬಿಲ್ಅರಬ್ ಬಿನ್ ಸುಲ್ತಾನ್ 17ನೇ ಶತಮಾನದಲ್ಲಿ ಕಟ್ಟಿಸಿದ ಜಬ್ರೀನ್ ಕೋಟೆಯಲ್ಲಿ ಸೂರ್ಯ ಚಂದ್ರರ ಕೋಣೆ ಎಂದು ಕರೆಯುವ ಒಂದು ಸಭಾಕೋಣೆಯಿದೆ. ಅದಕ್ಕೆ 14 ಕಿಟಕಿ, ಏಳು ಮೇಲೆ, ಏಳು ಕೆಳಗೆ. ಬಿಸಿಗಾಳಿ ಮೇಲಿನಿಂದ ಹೊರಗೆ, ತಂಪುಗಾಳಿ ಕೆಳಗಿನಿಂದ ಒಳಗೆ. ಬೆಳಕನ್ನೂ ಗಾಳಿಯನ್ನೂ ಅಳೆದು ಒಳಗೆ ಬಿಡುವ ಈ ಲೆಕ್ಕಾಚಾರವೇ ಇಂದಿನ ಗಾಜಿನ ಪೆಟ್ಟಿಗೆಯಲ್ಲಿ ಮಿಲಿಮೀಟರಿಗೆ ಇಳಿದಿದೆ.

ದೇಶದ ಮೊದಲ ಮ್ಯೂಸಿಯಂ ಮಸ್ಕತ್‌ನ ಖುರಂನಲ್ಲಿ 1974ರಲ್ಲಿ ತೆರೆಯಿತು. 1998ರಲ್ಲಿ ಬೈತ್ ಅಲ್ ಜುಬೈರ್ ಬಂತು. ಒಂದು ಕುಟುಂಬದ ಸಂಗ್ರಹ, ಅದೇ ಕುಟುಂಬದ 1914ರ ಮನೆಯಲ್ಲಿ. ಸಲಾಲಾದ ಅಲ್ ಬಲೀದ್ ಹಳೆಯ ಬಂದರಿನ ಅವಶೇಷಗಳ ಪಕ್ಕದಲ್ಲಿ ಧೂಪನಾಡಿನ ಮ್ಯೂಸಿಯಂ 2007ರಲ್ಲಿ ಆಯಿತು. ಅಲ್ ಆಲಂ ಅರಮನೆಯ ಎದುರಿಗಿರುವ ರಾಷ್ಟ್ರೀಯ ಮ್ಯೂಸಿಯಂ 2013ರ ರಾಜಾಜ್ಞೆಯಿಂದ ಹುಟ್ಟಿ, 2016ರ ಜುಲೈ 30ರಂದು ಜನರಿಗೆ ತೆರೆದುಕೊಂಡಿತು. ಅಲ್ಲಿ 14 ಗ್ಯಾಲರಿಗಳಿವೆ. ಮನಹ್ ಊರಿನ ಬಯಲಲ್ಲಿ ಹಜರ್ ಬೆಟ್ಟಗಳ ಏಣುಗಳನ್ನು ನೆನಪಿಸುವ ಚೂಪು ಮೂಲೆಗಳ ದೊಡ್ಡ ಕಟ್ಟಡ, 'ಯುಗಯುಗಗಳ ಒಮಾನ್' ಮ್ಯೂಸಿಯಂ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಐವತ್ತು ವರ್ಷದೊಳಗೆ ಗೋಡೆಗೂಡಿನಿಂದ ಇಲ್ಲಿಯವರೆಗೆ ಬಂದದ್ದು ವೇಗದ ನಡೆಯೇ.

ಪೆಟ್ಟಿಗೆಯ ವಿನ್ಯಾಸ ಗಾಜಿನಿಂದ ಶುರುವಾಗುವುದಿಲ್ಲ, ಒಳಗೆ ಕೂರುವ ವಸ್ತುವಿನಿಂದ. ಒಮಾನಿನಲ್ಲಿ ಆ ವಸ್ತು ಬಹಳ ಸಲ ಖಂಜರ್. ದೇಶದ ಧ್ವಜದಲ್ಲೂ ಲಾಂಛನದಲ್ಲೂ ಇರುವ, ಗಂಡಸರು ಹಬ್ಬದಲ್ಲಿ ಮದುವೆಯಲ್ಲಿ ನಡುಪಟ್ಟಿಗೆ ಹೊಟ್ಟೆಯ ನೇರಕ್ಕೆ ಸಿಕ್ಕಿಸಿಕೊಳ್ಳುವ ಬಾಗುಗತ್ತಿ ಇದು. ಇದರ ಕುಶಲಕಲೆ ಮತ್ತು ಬಳಕೆಯ ಸಂಪ್ರದಾಯವನ್ನು ಯುನೆಸ್ಕೊ 2022ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒರೆ ಹೆಚ್ಚುಕಡಿಮೆ ಲಂಬಕೋನದಲ್ಲಿ ಮಡಿಚಿಕೊಂಡಿರುತ್ತದೆ. ರಾಜವಂಶದ ಹೆಸರಿನ ಸಯೀದಿ, ನಿಜ್ವಾದ ನಿಜ್ವಾನಿ, ಸೂರ್ ಬಂದರಿನ ಸೂರಿ ಎಂದು ಅದರಲ್ಲಿ ಬಗೆಗಳುಂಟು. ಹಿಡಿಯ ಆಕಾರ, ಒರೆಯ ಬಳೆಗಳ ಸಂಖ್ಯೆ ನೋಡಿಯೇ ಬಲ್ಲವರು ಬಗೆ ಹೇಳುತ್ತಾರೆ. ನಾಲ್ಕು ಬಳೆಯದು ಸಾಮಾನ್ಯ, ಏಳು ಬಳೆಯದು ಸಯೀದಿ.

ನೋಡುವವರಿಗೆ ಅದು ಒಂದು ಕತ್ತಿ. ಪೆಟ್ಟಿಗೆ ಕಟ್ಟುವವರಿಗೆ ಅದು ಒಂದೇ ಸೂರಿನಡಿ ಇರುವ ಆರು ಜಗಳಗಂಟರ ಕೂಡುಕುಟುಂಬ. ಅಲಗು ಕಬ್ಬಿಣದ್ದು, ತೇವ ತಾಕಿದರೆ ತುಕ್ಕು. ಒರೆಯ ಒಳಗೆ ಮರ, ಅದರ ಮೇಲೆ ತೊಗಲು. ಗಾಳಿ ತೀರ ಒಣಗಿದರೆ ಮರ ಸೀಳುತ್ತದೆ, ತೊಗಲು ಸುಕ್ಕುಗಟ್ಟಿ ಒಡೆಯುತ್ತದೆ. ಮೇಲಿನ ಬೆಳ್ಳಿಗೆ ಗಂಧಕದ ಆವಿ ಸೋಕಿದರೆ ಕಪ್ಪಿಡುತ್ತದೆ. ನಡುಪಟ್ಟಿಯ ಬೆಳ್ಳಿದಾರದ ಕಸೂತಿಯಲ್ಲಿ ನೂಲೂ ಇದೆ, ಲೋಹವೂ ಇದೆ. ಬೆಳಕು ನೂಲಿನ ಶತ್ರು, ಗಾಳಿ ಲೋಹದ ಶತ್ರು. ಹಳೆಯ ಹಿಡಿಗಳು ಖಡ್ಗಮೃಗದ ಕೊಂಬಿನವು. ಒಣಹವೆಯಲ್ಲಿ ಅವು ಪದರ ಬಿಡುತ್ತವೆ, ಕೀಟಕ್ಕೂ ಪ್ರಿಯ. ಆ ಕೊಂಬಿನ ವ್ಯಾಪಾರ ಅಂತಾರಾಷ್ಟ್ರೀಯವಾಗಿ ನಿಷೇಧವಾದ ಮೇಲೆ ಹಿಡಿಗೆ ಗಂಧದ ಮರವೂ ಬಂತು, ಪ್ಲಾಸ್ಟಿಕ್ಕೂ ಬಂತು. ಹಳೆಯ ಕೊಂಬಿನ ಖಂಜರನ್ನು ಬೇರೆ ದೇಶದ ಪ್ರದರ್ಶನಕ್ಕೆ ಕಳಿಸಬೇಕಾದರೆ ವನ್ಯಜೀವಿ ಪರವಾನಗಿಯ ಕಾಗದಪತ್ರವೇ ಒಂದು ಕಟ್ಟಾಗುತ್ತದೆ.

ಎಲ್ಲರಿಗೂ ಹಿತವಾದ ಹವೆ ಇಲ್ಲ. ಯಾರಿಗೂ ತೀರ ಅಹಿತವಾಗದ ಹವೆ ಹುಡುಕಬೇಕು. ಇಂಥ ಮಿಶ್ರ ವಸ್ತುಗಳಿಗೆ ಸಾಮಾನ್ಯವಾಗಿ 45ರಿಂದ 55 ಶೇಕಡಾ ತೇವಾಂಶವನ್ನು ಗುರಿ ಇಟ್ಟುಕೊಳ್ಳುತ್ತಾರೆ. ಒಂಟಿ ಲೋಹಕ್ಕೆ ಇದು ಹೆಚ್ಚಾಯಿತು. ಕ್ರಿಸ್ತಪೂರ್ವ ಮೂರನೇ ಸಹಸ್ರಮಾನದಲ್ಲಿ ಮೆಸೊಪೊಟೇಮಿಯಕ್ಕೆ ತಾಮ್ರ ಕಳಿಸುತ್ತಿದ್ದ ಮಗನ್ ನಾಡು ಇದೇ ಒಮಾನ್ ಎಂಬುದು ವಿದ್ವಾಂಸರ ಸಾಮಾನ್ಯ ಮತ. ಇಲ್ಲಿ ನೆಲದಿಂದ ಅಗೆದು ತೆಗೆದ ತಾಮ್ರ, ಕಂಚಿನ ಅಲಗುಗಳೊಳಗೆ ಮಣ್ಣಿನ ಉಪ್ಪು ಸೇರಿಕೊಂಡಿರುತ್ತದೆ. ಗಾಳಿಯ ತೇವ 40 ಶೇಕಡಾ ದಾಟಿದರೆ ಆ ಉಪ್ಪು ಎಚ್ಚೆತ್ತು, ತಿಳಿಹಸಿರು ಪುಡಿಯಾಗಿ ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಹಾಗಾಗಿ ಕಂಚಿನ ಅಲಗಿಗೂ ತೊಗಲಿನ ಒರೆಗೂ ಒಂದೇ ಪೆಟ್ಟಿಗೆ ಆಗದು, ಕಥೆಯಲ್ಲಿ ಅವೆರಡೂ ಅಕ್ಕಪಕ್ಕ ಬಂದರೂ. ಮೆದುಗಲ್ಲಿನ ಬಟ್ಟಲುಗಳು ಮಾತ್ರ ಎಲ್ಲಿಟ್ಟರೂ ಸೈ ಎನ್ನುವ ಸಾಧು ಸ್ವಭಾವದವು.

ಯಾವುದು ಯಾವುದರ ಜೊತೆ ಎಂದು ಗೊತ್ತಾದ ಮೇಲೆ ಅಳತೆ. ಪ್ರತಿ ವಸ್ತುವಿನ ಉದ್ದ, ಅಗಲ, ಎತ್ತರ, ತೂಕ ಬರೆದುಕೊಂಡು, ಅದೇ ಗಾತ್ರದ ರಟ್ಟಿನ ಅಥವಾ ಫೋಮಿನ ಗೊಂಬೆ ಮಾಡಿ, ನೆಲದ ಮೇಲೆ ಟೇಪಿನಿಂದ ಪೆಟ್ಟಿಗೆಯ ಗಡಿ ಎಳೆದು ಜೋಡಿಸಿ ನೋಡುತ್ತಾರೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಿಗೆ, ಶೆಟ್ಟಿ ಅಂಗಡಿ ಕೆಳಗಿನ ಮೆಟ್ಟಿಲಿಗೆ ಎಂದು ವರ್ಷವರ್ಷವೂ ನಡೆಯುವ ಚರ್ಚೆ ಇಲ್ಲಿಯೂ ನಡೆಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಕೂರಿಸಿದ್ದು ಹತ್ತು ದಿನಕ್ಕಲ್ಲ, ಹತ್ತು ವರ್ಷಕ್ಕೆ. ಈ ಹಂತದ ರಟ್ಟಿನಾಟಕ್ಕೆ ಎಷ್ಟು ದಿನ ಕೊಟ್ಟರೂ ಕಡಿಮೆಯೇ. ಗಾಜು ಕತ್ತರಿಸಿದ ಮೇಲೆ ಒಂದು ಬೆರಳಿನ ಅಗಲ ಸಾಲದೆ ಬಂದರೆ ಸರಿಪಡಿಸಲು ದಾರಿಯಿಲ್ಲ.

ಎತ್ತರ ನಿರ್ಧರಿಸುವುದೂ ಆಗಲೇ. ನಿಂತ ವಯಸ್ಕರ ಕಣ್ಣು ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ, ಗಾಲಿಕುರ್ಚಿಯಲ್ಲಿ ಕೂತವರದು ಸುಮಾರು 1.2 ಮೀಟರ್, ಶಾಲೆಯ ಮಕ್ಕಳದು ಅದರ ಆಚೀಚೆ. ಖಂಜರಿನ ಒರೆಯ ಕೆತ್ತನೆ ಮೂವರಿಗೂ ಕಾಣಬೇಕಾದರೆ ಅದನ್ನು ಈ ಎರಡು ಎತ್ತರಗಳ ನಡುವೆ, ತುಸು ಹಿಂದಕ್ಕೆ ವಾಲಿಸಿ ನಿಲ್ಲಿಸಬೇಕು. ದಕ್ಷಿಣ ಒಮಾನಿನ ದೋಫಾರ್ ಸೀಮೆಯ ಹೆಂಗಸರ 'ಅಬು ಧೈಲ್' ನಿಲುವಂಗಿ ಇನ್ನೊಂದು ಬಗೆಯ ತಲೆನೋವು. ಹೆಸರೇ ಹೇಳುವಂತೆ ಅದು ಬಾಲದ ಅಂಗಿ: ಮುಂದೆ ಗಿಡ್ಡ, ಹಿಂದೆ ನೆಲದ ಮೇಲೆ ಎಳೆಯುವಷ್ಟು ಉದ್ದ. ಗೋಡೆಗೆ ಒತ್ತಿದ ಪೆಟ್ಟಿಗೆಯಲ್ಲಿ ಎದುರುಮುಖವಾಗಿ ನಿಲ್ಲಿಸಿದರೆ ಅದರ ಹೆಚ್ಚುಗಾರಿಕೆಯೇ ಮರೆಯಾಗುತ್ತದೆ. ಅದಕ್ಕೆ ನಾಲ್ಕೂ ಕಡೆ ಗಾಜಿನ, ಸುತ್ತ ನಡೆದು ನೋಡುವ ಪೆಟ್ಟಿಗೆಯೇ ಬೇಕು. ಇಲ್ಲವೇ ಮೈಯನ್ನು ಪಕ್ಕಕ್ಕೆ ತಿರುಗಿಸಿ ಬಾಲವನ್ನು ಹರಡಬೇಕು.

ಪೆಟ್ಟಿಗೆಯ ಒಡಲನ್ನು ಯಾವುದರಿಂದ ಮಾಡಬೇಕು ಎಂಬಲ್ಲಿ ಹಳೆಯ ಕಾಲದವರು ಕೆಟ್ಟದ್ದು ಹೆಚ್ಚು. ಒಳ್ಳೆಯ ಗಟ್ಟಿಮರ, ಒಳಗೆ ಮೆತ್ತನೆಯ ಬನಾತು ಎಂಬುದು ಒಂದು ಕಾಲದ ಮ್ಯೂಸಿಯಂಗಳ ಘನತೆಯ ಗುರುತಾಗಿತ್ತು. ಆದರೆ ಓಕ್‌ನಂಥ ಮರ ಸದಾ ವಿನೆಗರಿನ ಆಮ್ಲವನ್ನು ಉಸಿರಾಡುತ್ತಿರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸೀಸವನ್ನು ಬಿಳಿಪುಡಿ ಮಾಡುತ್ತದೆ. ಒತ್ತುಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಡುತ್ತದೆ. ಬನಾತು ಕುರಿಯುಣ್ಣೆ, ಉಣ್ಣೆಯಲ್ಲಿ ಗಂಧಕವಿದೆ. ಬೆಳ್ಳಿಯನ್ನು ಗೌರವದಿಂದ ಕೆಂಪು ಬನಾತಿನ ಮೇಲೆ ಕೂರಿಸಿದಷ್ಟೂ ಅದು ಬೇಗ ಕಪ್ಪಾಗುತ್ತಿತ್ತು. ಕಾಯಲೆಂದು ಮಾಡಿದ ಪೆಟ್ಟಿಗೆಯೇ ಕಳ್ಳನಾದ ಪ್ರಸಂಗಗಳು ಮ್ಯೂಸಿಯಂ ಚರಿತ್ರೆಯಲ್ಲಿ ಹೇರಳ.

ಇದಕ್ಕೆ ಬ್ರಿಟಿಷ್ ಮ್ಯೂಸಿಯಂನ ಆಂಡ್ರೂ ಆಡಿ 1973ರಲ್ಲಿ ಒಂದು ಪರೀಕ್ಷೆ ತಂದರು; ಈಗ ಅದಕ್ಕೆ ಅವರದೇ ಹೆಸರು. ಪೆಟ್ಟಿಗೆಗೆ ಬಳಸಬೇಕೆಂದಿರುವ ಬಟ್ಟೆ, ಬಣ್ಣ, ಅಂಟು, ಹಲಗೆಯ ಚೂರನ್ನು ಒಂದು ಗಾಜಿನ ಕೊಳವೆಯಲ್ಲಿ ಹಾಕಿ, ಜೊತೆಗೆ ಬೆಳ್ಳಿ, ತಾಮ್ರ, ಸೀಸದ ಒಂದೊಂದು ತುಂಡು ಮತ್ತು ತುಸು ನೀರು ಇಟ್ಟು ಬಿಗಿಯಾಗಿ ಮುಚ್ಚಿ, 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಬಿಡುತ್ತಾರೆ. ವರ್ಷಗಟ್ಟಲೆ ಆಗುವ ಹಾನಿ ಒಂದು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಲೋಹದ ತುಂಡುಗಳು ಹೊಳೆಯುತ್ತಲೇ ಇದ್ದರೆ ಆ ವಸ್ತು ಪಾಸು, ಮಂಕಾದರೆ ನಪಾಸು. ಈ ಜರಡಿ ದಾಟಿ ಉಳಿಯುವುದು ಒಲೆಯಲ್ಲಿ ಸುಟ್ಟು ಗಟ್ಟಿಮಾಡಿದ ಪುಡಿಬಣ್ಣದ ಉಕ್ಕು ಮತ್ತು ಅಲ್ಯೂಮಿನಿಯಂ, ಆಕ್ರಿಲಿಕ್ ಹಾಳೆ, ಬಣ್ಣಗಂಜಿ ಹಾಕದ ಹತ್ತಿಬಟ್ಟೆ, ಪಾಲಿಎಥಿಲೀನ್ ಫೋಮ್. ಬಾಗಿಲ ಸಂದಿನ ಅಂಟಿನಲ್ಲೂ ಭೇದವಿದೆ: ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸಿಲಿಕೋನ್ ಒಣಗುವಾಗ ಮೂಗಿಗೆ ಹುಳಿವಾಸನೆ ಬಡಿಯುತ್ತದಲ್ಲ, ಅದೇ ಆ ವಿನೆಗರ್ ಆಮ್ಲ. ಮ್ಯೂಸಿಯಂಗೆ ಆ ವಾಸನೆಯಿಲ್ಲದ ಬಗೆಯೇ ಆಗಬೇಕು. ಬಣ್ಣ ಬಳಿದ ಪೆಟ್ಟಿಗೆಯನ್ನು ವಾರಗಟ್ಟಲೆ ಬಾಗಿಲು ತೆರೆದು ಒಣಬಿಡುತ್ತಾರೆ. ಉದ್ಘಾಟನೆಯ ದಿನಾಂಕ ಮೊದಲೇ ಗೊತ್ತಾಗಿದ್ದಾಗ ಕತ್ತರಿ ಬೀಳುವುದು ಸಾಮಾನ್ಯವಾಗಿ ಈ ವಾರಗಳಿಗೇ.

ಇದೇ ಕಾರಣಕ್ಕೆ ಮಂದೂಸ್ ಕೂಡ ಎಚ್ಚರದ ವಸ್ತು. ಹಿತ್ತಾಳೆಯ ಮೊಳೆಗಳನ್ನು ಒತ್ತಾಗಿ ಹೊಡೆದು ಹೂಬಳ್ಳಿ ಬಿಡಿಸಿದ ಈ ಮರದ ಪೆಟ್ಟಿಗೆ ಒಮಾನಿನ ಮನೆಗಳಲ್ಲಿ ಮದುವಣಗಿತ್ತಿಯ ಬಟ್ಟೆ, ಒಡವೆಗಳ ಕಪಾಟಾಗಿತ್ತು. ಹಳೆಯವುಗಳಲ್ಲಿ ಎಷ್ಟೋ ಭಾರತದ ಪಶ್ಚಿಮ ಕರಾವಳಿಯ ತೇಗ, ಬೀಟೆಯವು, ಎಷ್ಟೋ ಅಲ್ಲಿಯೇ ತಯಾರಾಗಿ ಹಡಗೇರಿದವು. ಆ ನೀರದಾರಿಯಲ್ಲಿ ಮಂಗಳೂರಿನ ಅಕ್ಕಿಯೂ ಮಸ್ಕತ್‌ಗೆ ಹೋಗುತ್ತಿತ್ತು; ಟಿಪ್ಪು ಸುಲ್ತಾನ ಅಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟು ಅಕ್ಕಿಯ ಜೊತೆ ಗಂಧ, ಮೆಣಸು, ಏಲಕ್ಕಿ ಮಾರಿಸುತ್ತಿದ್ದ. ಹೀಗೆ ಬಂದ ಮಂದೂಸನ್ನು ಮುಚ್ಚಳ ತೆರೆದು, ಒಳಗೆ ಬೆಳ್ಳಿ ಒಡವೆ ಹರಡಿ ತೋರಿಸಿದರೆ ನೋಡಲು ಬಲು ಚೆಂದ. ಆದರೆ ಮರ ಉಸಿರಾಡುತ್ತದೆ, ಒಡವೆಯ ಲೋಹ ಕೆಡುತ್ತದೆ. ಮಂದೂಸನ್ನು ಗಾಜಿನ ಹೊರಗೆ ತಗ್ಗು ವೇದಿಕೆಯ ಮೇಲಿಟ್ಟು, ಒಡವೆಯನ್ನು ಪಕ್ಕದ ಪೆಟ್ಟಿಗೆಗೆ ಹಾಕುವುದು ಅಷ್ಟು ಚೆಂದವಲ್ಲ, ಆದರೆ ಸರಿ. ಆ ಒಡವೆಗಳ ಬೆಳ್ಳಿಯಾದರೂ ಎಲ್ಲಿಯದು? ಬಹುಪಾಲು ಮರಿಯಾ ತೆರೇಸಾ ಥಾಲರ್ ನಾಣ್ಯಗಳನ್ನು ಕರಗಿಸಿದ್ದು. ಆಸ್ಟ್ರಿಯಾದ ಈ ನಾಣ್ಯ ಯಾವ ವರ್ಷ ಟಂಕಿಸಿದರೂ ಮೈಮೇಲೆ 1780 ಎಂದೇ ಇರುತ್ತದೆ. ನಿಜ್ವಾ, ಬಹ್ಲಾದ ಅಕ್ಕಸಾಲಿಗರಿಗೆ ಅದು ಹಣವೂ ಹೌದು, ಕಚ್ಚಾಮಾಲೂ ಹೌದು.

ಇನ್ನು ಹವೆ. ಜುಲೈಯಲ್ಲಿ ಮಸ್ಕತ್‌ನ ಯಾವುದಾದರೂ ಎ.ಸಿ. ಕಟ್ಟಡದಿಂದ ಹೊರಬಿದ್ದರೆ ಕನ್ನಡಕ ಆ ಕ್ಷಣವೇ ಮಬ್ಬಾಗುತ್ತದೆ. ಹೊರಗೆ ಸಮುದ್ರದ ತೇವ ತುಂಬಿದ ಬಿಸಿಗಾಳಿ, ಒಳಗೆ ತಂಪು. ಎರಡೂ ಕೂಡಿದಲ್ಲಿ ನೀರು. ಎ.ಸಿ. ಒಂದು ರಾತ್ರಿ ಕೆಟ್ಟರೆ ಇದೇ ಆಟ ಮ್ಯೂಸಿಯಂ ಒಳಗೂ ನಡೆಯಬಹುದು. ಗಾಳಿ ಬೆಟ್ಟದ ಕಡೆಯಿಂದ ಬೀಸಿದ ದಿನ ಇದರ ತದ್ವಿರುದ್ಧ, ಮೂಳೆ ಒಣಗುವಷ್ಟು ಶುಷ್ಕ. ಹಾಗಾಗಿ ಪೆಟ್ಟಿಗೆ ತನ್ನ ಹವೆಯನ್ನು ತಾನೇ ಹಿಡಿದಿಟ್ಟುಕೊಳ್ಳಬೇಕು. ಒಳ್ಳೆಯ ಪೆಟ್ಟಿಗೆಯ ಗುರುತೆಂದರೆ ಇಡೀ ದಿನದಲ್ಲಿ ಒಳಗಿನ ಗಾಳಿಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬದಲಾಗದಿರುವುದು. ಒಳಗೆ ತುಸು ಇಂಗಾಲದ ಡೈಆಕ್ಸೈಡ್ ತುಂಬಿ, ಅದು ಎಷ್ಟು ಬೇಗ ಸೋರುತ್ತದೆ ಎಂದು ಅಳೆದು ಇದನ್ನು ಪರೀಕ್ಷಿಸುತ್ತಾರೆ.

ಹಾಗೆ ಬಿಗಿದ ಪೆಟ್ಟಿಗೆಯ ಅಡಿಯಲ್ಲಿ, ನೋಡುಗರಿಗೆ ಕಾಣದಂತೆ, ಒಂದು ಖಾನೆ ಇರುತ್ತದೆ. ಅದರಲ್ಲಿ ಸಿಲಿಕಾ ಹರಳು. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ, 'ತಿನ್ನಬೇಡಿ' ಎಂದು ಬರೆದ ಸಣ್ಣ ಪೊಟ್ಟಣದ ಒಳಗಿರುವುದೇ ಇದು, ಇಲ್ಲಿ ಕಿಲೋಗಟ್ಟಲೆ. ಗಾಳಿ ತೇವವಾದರೆ ಹರಳು ಹೀರುತ್ತದೆ, ಒಣಗಿದರೆ ಬಿಟ್ಟುಕೊಡುತ್ತದೆ. ಒಂದು ಘನಮೀಟರ್ ಪೆಟ್ಟಿಗೆಗೆ 20 ಕಿಲೋ ಎಂಬುದು ಹಳೆಯ ಲೆಕ್ಕ. ಪೆಟ್ಟಿಗೆ ಬಿಗಿಯಾದಷ್ಟೂ, ಹರಳಿನ ತಳಿ ಸುಧಾರಿಸಿದಷ್ಟೂ ಕಡಿಮೆ ಸಾಕು. ವಸ್ತುವನ್ನು ಮುಟ್ಟದೆ, ಮುಖ್ಯ ಬಾಗಿಲು ತೆರೆಯದೆ ಹರಳು ಬದಲಿಸುವಂತೆ ಖಾನೆಗೆ ಬೇರೆಯೇ ಬಾಗಿಲು ಕೊಡಬೇಕು. ಈ ಪುಟ್ಟ ಬಾಗಿಲನ್ನು ನಕ್ಷೆಯಲ್ಲಿ ಮರೆತ ವಿನ್ಯಾಸಕಾರರನ್ನು ಮ್ಯೂಸಿಯಂ ಸಿಬ್ಬಂದಿ ವರ್ಷಾನುಗಟ್ಟಲೆ ನೆನೆಯುತ್ತಾರೆ, ಒಳ್ಳೆಯ ಮಾತಿನಲ್ಲಲ್ಲ.

ಗಾಜಿನ ಬಗ್ಗೆ ಹೇಳುವುದಾದರೆ, ಕಿಟಕಿಯ ಗಾಜು ಇಲ್ಲಿ ನಡೆಯದು. ಅದರ ಅಂಚು ನೋಡಿದರೆ ಹಸಿರು. ಒಳಗಿನ ಕಬ್ಬಿಣದ ಅಂಶ ಬೆಳ್ಳಿಗೂ ಬಿಳಿಬಟ್ಟೆಗೂ ಪಾಚಿಬಣ್ಣ ಬಳಿಯುತ್ತದೆ. ಕಬ್ಬಿಣ ಕಡಿಮೆ ಮಾಡಿದ ತಿಳಿಗಾಜಿನ ಎರಡು ಹಾಳೆಯ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದರೆ, ಒಡೆದರೂ ಚೂರು ಉದುರದ ಗಾಜಾಗುತ್ತದೆ. ದಪ್ಪ ಸುಮಾರು 12 ಮಿಲಿಮೀಟರ್. ಚದರ ಮೀಟರಿಗೆ 30 ಕಿಲೋ ತೂಗುವುದರಿಂದ ಎರಡು ಚದರ ಮೀಟರಿನ ಒಂದು ಬಾಗಿಲು 60 ಕಿಲೋ, ಎಂದರೆ ಒಬ್ಬ ಮನುಷ್ಯನ ಭಾರ. ತಿರುಗಣೆ ಅಷ್ಟು ಭಾರ ಹೊತ್ತೂ ಕೂದಲೆಳೆಯಷ್ಟು ಜಗ್ಗಬಾರದು. ಸಾಮಾನ್ಯ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಂಟು ಶೇಕಡಾ ಹಿಂದಕ್ಕೆ ಎರಚುತ್ತದೆ. ಕತ್ತಲ ಕೋಣೆಯಲ್ಲಿ ಖಂಜರ್ ನೋಡಲು ಹೋದವರಿಗೆ ತಮ್ಮದೇ ಮುಖ ಕಾಣುವುದು ಇದರಿಂದ. ಪ್ರತಿಫಲನ ತಡೆಯುವ ಲೇಪ ಕೊಟ್ಟರೆ ಅದು ಒಂದು ಶೇಕಡಾಕ್ಕೂ ಕೆಳಗಿಳಿಯುತ್ತದೆ. ಲೇಪಕ್ಕೆ ಹಣವಿಲ್ಲದ ಕಾಲದಲ್ಲೂ ಉಪಾಯವಿತ್ತು: ನ್ಯೂಯಾರ್ಕಿನ ನಿಸರ್ಗ ಚರಿತ್ರೆಯ ಮ್ಯೂಸಿಯಂನ ಕುಶಲಿಗಳು ತಮ್ಮ ಕಾಡಿನ ದೃಶ್ಯಗಳ ಮುಂದಿನ ಗಾಜನ್ನು ತುಸು ಓರೆಯಾಗಿ ನಿಲ್ಲಿಸಿದರು. ಪ್ರತಿಬಿಂಬವೆಲ್ಲ ಮುಖಕ್ಕೆ ಬರದೆ ನೆಲಕ್ಕೆ ಹೋಯಿತು. ಸಣ್ಣ ಊರಿನ ಮ್ಯೂಸಿಯಂಗಳಿಗೆ ಇಂದಿಗೂ ಇದಕ್ಕಿಂತ ಅಗ್ಗದ ವಿದ್ಯೆಯಿಲ್ಲ.

ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಬಟ್ಟೆ, ಕಾಗದ, ಹಸ್ತಪ್ರತಿಗೆ 50 ಲಕ್ಸ್ ಮಿತಿ, ಮರಕ್ಕೆ 200ರವರೆಗೆ, ಲೋಹ, ಕಲ್ಲಿಗೆ ಅಷ್ಟು ಕಟ್ಟುನಿಟ್ಟಿಲ್ಲ. ವರ್ಷಕ್ಕೆ ಮೂರು ಸಾವಿರ ಗಂಟೆ ಮ್ಯೂಸಿಯಂ ತೆರೆದಿದ್ದರೆ 50 ಲಕ್ಸ್ ಲೆಕ್ಕದಲ್ಲಿ ಒಂದು ಬಟ್ಟೆ ಉಣ್ಣುವ ಬೆಳಕು ಒಂದೂವರೆ ಲಕ್ಷ ಲಕ್ಸ್ ಗಂಟೆ. ನಡುಹಗಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಎಂದರೆ ಮ್ಯೂಸಿಯಂನಲ್ಲಿ ಒಂದು ವರ್ಷಕ್ಕೆ ಸಿಗುವ ಬೆಳಕು ಮಸ್ಕತ್‌ನ ಅಂಗಳದಲ್ಲಿ ಒಂದೂವರೆ ಗಂಟೆಯಲ್ಲಿ ಸಿಗುತ್ತದೆ. ದೀಪವನ್ನು ಪೆಟ್ಟಿಗೆಯ ಗಾಳಿಗೆ ಸೇರದ ಮೇಲಿನ ಖಾನೆಯಲ್ಲಿಟ್ಟು, ಬಿಸಿ ಒಳಗಿಳಿಯದಂತೆ ನೋಡಿಕೊಳ್ಳುತ್ತಾರೆ. 50 ಲಕ್ಸ್ ಎಂದರೆ ಮಂದ ಬೆಳಕು. ಹೊರಗಿನ ಬಿಸಿಲಿನಿಂದ ನೇರ ಬಂದ ಕಣ್ಣಿಗೆ ಏನೂ ಕಾಣದು. ಅದಕ್ಕೇ ಬಟ್ಟೆಗಳ ಗ್ಯಾಲರಿಯನ್ನು ಬಾಗಿಲ ಬಳಿ ಇಡದೆ, ಎರಡು ಮೂರು ಕೋಣೆ ದಾಟಿ ಕಣ್ಣು ಪಳಗಿದ ಮೇಲೆ ಸಿಗುವಂತೆ ಇಡುವುದು ಜಾಣತನ.

ಇಷ್ಟೆಲ್ಲ ಕಾರ್ಖಾನೆಯ ಕೆಲಸ ಎಂದುಕೊಂಡರೂ, ವಸ್ತುವಿಗೆ ಆಸರೆ ಮಾಡುವ ಕೆಲಸ ಇಂದಿಗೂ ಬರಿಗೈಯದು. ಖಂಜರ್ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ನಿಜದಲ್ಲಿ ಅದನ್ನು ಮೂರು ನಾಲ್ಕು ಹಿತ್ತಾಳೆ ಬೆರಳುಗಳು ಹಿಡಿದಿರುತ್ತವೆ. ಆಸರೆಗಾರ ಮೊದಲು ವಸ್ತುವನ್ನು ಮೆತ್ತೆಯ ಮೇಲೆ ಮಲಗಿಸಿ ಅದರ ತೂಕದ ನಡುಬಿಂದು ಹುಡುಕುತ್ತಾನೆ. ಖಂಜರಿನಲ್ಲಿ ಅದು ಹಿಡಿಯಲ್ಲೂ ಇಲ್ಲ, ಒರೆಯ ತುದಿಯಲ್ಲೂ ಇಲ್ಲ. ಒರೆ ಮಡಿಚಿರುವುದರಿಂದ ಕೆಲವೊಮ್ಮೆ ವಸ್ತುವಿನ ಆಚೆ, ಬರಿಗಾಳಿಯಲ್ಲಿರುತ್ತದೆ. ಬಲವಾದ ಜಾಗ ಯಾವುದು, ಮುಟ್ಟಬಾರದ ಜಾಗ ಯಾವುದು ಎಂದು ಗುರುತಿಸಿಕೊಂಡು, ಹಿತ್ತಾಳೆ ಸರಳನ್ನು ಕಾಯಿಸಿ ಮೆದುಮಾಡಿ, ಇಕ್ಕಳದಲ್ಲಿ ಬಾಗಿಸುತ್ತಾ ಬರುತ್ತಾನೆ. ಪ್ರತಿ ಬಾಗಿಗೂ ಸರಳನ್ನು ವಸ್ತುವಿನ ಹತ್ತಿರ ಹಿಡಿದು ನೋಡಬೇಕು. ಬೆಸುಗೆ ಹಾಕುವುದು ಮಾತ್ರ ವಸ್ತುವಿನಿಂದ ದೂರ, ಬೇರೆ ಕೋಣೆಯಲ್ಲಿ.

ಬೆರಳುಗಳ ಒಳಮೈಗೆ ತೆಳು ಪಾಲಿಎಥಿಲೀನ್ ಹೊದಿಕೆ; ಲೋಹಕ್ಕೆ ಲೋಹ ತಾಗಕೂಡದು. ಹೊರಮೈಗೆ ಬಣ್ಣ, ಒರೆಯ ಆ ಜಾಗದ ಬಣ್ಣವೇ: ಬೆಳ್ಳಿಯ ಮೇಲೆ ಹಾದ ಕಡೆ ಬೂದು, ತೊಗಲಿನ ಮೇಲೆ ಹಾದ ಕಡೆ ಕಂದು. ಮುಗಿದ ಆಸರೆ ವಸ್ತುವನ್ನು ಬಿಗಿಯಬಾರದು, ಕೂರಿಸಿಕೊಳ್ಳಬೇಕು. ಹಿಡಿತ ಸಡಿಲಿಸದೆಯೇ ವಸ್ತು ಕೈಗೆ ಎತ್ತಿ ಬರಬೇಕು. ಒಡವೆ ಮಾಡುವ ಅಕ್ಕಸಾಲಿಗನ ಕೆಲಸಕ್ಕೂ ಇದಕ್ಕೂ ಹತಾರ ಒಂದೇ, ಹೆಮ್ಮೆ ಬೇರೆ. ಅವನು ಮಾಡಿದ್ದನ್ನು ಎಲ್ಲರೂ ನೋಡಬೇಕು, ಇವನು ಮಾಡಿದ್ದನ್ನು ಯಾರೂ ನೋಡಬಾರದು.

ಹಸ್ತಪ್ರತಿಗೆ ತೊಟ್ಟಿಲು ಬೇಕು. ಹಳೆಯ ಪುಸ್ತಕದ ಬೆನ್ನು ಪೂರ್ತಿ ತೆರೆಯಲು ಒಪ್ಪುವುದಿಲ್ಲ. ಅದು ಎಷ್ಟು ಸಲೀಸಾಗಿ ತೆರೆಯುತ್ತದೋ ಅಷ್ಟೇ ಕೋನಕ್ಕೆ ಆಕ್ರಿಲಿಕ್ ಹಾಳೆಯನ್ನು ಬಿಸಿಮಾಡಿ ಮಡಿಚಿ, ಎರಡು ರಟ್ಟಿಗೂ ಬೆನ್ನಿಗೂ ಒತ್ತು ಕೊಡುತ್ತಾರೆ. ಅರಬಿ ಪುಸ್ತಕ ಬಲದಿಂದ ತೆರೆಯುವುದರಿಂದ ಭಾರದ ಕಡೆಯೂ ನಮ್ಮ ರೂಢಿಗೆ ತಿರುಗುಮುರುಗು. ಬಟ್ಟೆಗಾದರೆ ಮೈ ಕೆತ್ತಬೇಕು. ಅಂಗಡಿಯ ಬೊಂಬೆಗೆ ಹಳೆಯ ಅಂಗಿ ತೊಡಿಸಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅಂಗಿ ಹೊಲಿದದ್ದು ಯಾರದೋ ಮೈಗೆ, ಬೊಂಬೆಯ ಮೈಗಲ್ಲ. ಫೋಮಿನ ಪದರಗಳನ್ನು ಅಂಗಿಯ ಅಳತೆಗೆ ತಕ್ಕಂತೆ ಕತ್ತರಿಸಿ, ಹತ್ತಿಯ ಮೆತ್ತೆ ಹೊದಿಸಿ, ತಲೆ ಕೈಗಳಿಲ್ಲದ ಮುಂಡವೊಂದನ್ನು ಮಾಡುತ್ತಾರೆ. ಒಮಾನಿ ಗಂಡಸಿನ ದಿಶ್‌ದಾಶಾ ನಿಲುವಂಗಿಯ ಕೊರಳಿನಿಂದ ಇಳಿಬಿದ್ದ ಕುಚ್ಚು ನೇರ ನಿಲ್ಲಬೇಕಾದರೆ ಎದೆಯ ಇಳಿಜಾರು ಸರಿಯಿರಬೇಕು. ಆ ಕುಚ್ಚಿಗೆ ಅತ್ತರು ಹಚ್ಚುವುದು ರೂಢಿ. ಪೆಟ್ಟಿಗೆ ತೋರಿಸಲಾಗದ್ದು ಅದೊಂದು.

ಲೋಬಾನವೂ ಅಷ್ಟೇ. ದೋಫಾರಿನ ಬೋಸ್ವೆಲಿಯ ಮರದ ತೊಗಟೆ ಕೆತ್ತಿದಾಗ ಒಸರಿ ಗಟ್ಟಿಯಾಗುವ ಈ ಹನಿಗಳನ್ನು ಗಾಜಿನ ಹಿಂದೆ ಇಟ್ಟರೆ ಬರಿಯ ಹಳದಿ ಹರಳು. ಅದರ ಜೀವ ಇರುವುದು ಹೊಗೆಯಲ್ಲಿ. ಬಿಗಿಪೆಟ್ಟಿಗೆಯಲ್ಲಿ ಅದು ತನ್ನ ಎಣ್ಣೆಯಾವಿಯನ್ನು ಬಿಡುತ್ತಲೇ ಇರುವುದರಿಂದ ಲೋಹ, ಬಟ್ಟೆಗಳ ಜೊತೆ ಕೂರಿಸುವುದು ತಪ್ಪು. ಬೇರೆ ಗಾಜಿನ ಪಾತ್ರೆಯಲ್ಲಿಟ್ಟು, ಮೂಗಿಗೆ ಹಿಡಿಯಲು ಸಣ್ಣ ರಂಧ್ರ ಕೊಟ್ಟರೆ ನೋಡುಗರು ಅಲ್ಲಿಂದ ಕದಲುವುದಿಲ್ಲ.

ವಿವರಫಲಕದ ಭಾಷೆಯೂ ವಿನ್ಯಾಸವನ್ನು ಎಳೆದಾಡುತ್ತದೆ. ಅರಬಿ ಬಲದಿಂದ ಎಡಕ್ಕೆ, ಇಂಗ್ಲಿಷ್ ಎಡದಿಂದ ಬಲಕ್ಕೆ. ಉದ್ದ ಪೆಟ್ಟಿಗೆಯಲ್ಲಿ ಕಾಲಾನುಕ್ರಮವಾಗಿ ವಸ್ತು ಜೋಡಿಸುವಾಗ ಕಾಲ ಯಾವ ತುದಿಯಿಂದ ಶುರುವಾಗಬೇಕು? ಅರಬಿ ಓದುಗನಿಗೆ ಬಲತುದಿ ಸಹಜ, ಪ್ರವಾಸಿಗೆ ಎಡತುದಿ. ಕೋಣೆಯ ಬಾಗಿಲು ಯಾವ ಕಡೆಯಿದೆಯೋ ಅಲ್ಲಿಂದ ಶುರುಮಾಡಿ ನಡಿಗೆಗೇ ತೀರ್ಪು ಬಿಡುವುದು ಸುಲಭದ ದಾರಿ. ಮಸ್ಕತ್‌ನ ರಾಷ್ಟ್ರೀಯ ಮ್ಯೂಸಿಯಂ ಅರಬಿ ಬ್ರೈಲ್ ಫಲಕಗಳನ್ನೂ ಅಳವಡಿಸಿದೆ, ಮಧ್ಯಪ್ರಾಚ್ಯದಲ್ಲಿ ಮೊದಲಾಗಿ. ಬೆರಳಿನಿಂದ ಓದುವ ಫಲಕ ಗಾಜಿನ ಹಿಂದೆ ಇರಲಾಗದು. ಪೆಟ್ಟಿಗೆಯ ಮುಂದೆ, ಸೊಂಟದೆತ್ತರಕ್ಕೆ, ಓರೆಯಾದ ಪಟ್ಟಿ ಬೇಕು. ಅಂಥ ಪಟ್ಟಿಯನ್ನು ಕೊನೆಗೆ ಅಂಟಿಸಿದರೆ ಗೊತ್ತಾಗಿಬಿಡುತ್ತದೆ. ಮೊದಲ ನಕ್ಷೆಯಲ್ಲೇ ಬರಬೇಕು.

ಯಾವ ಪೆಟ್ಟಿಗೆಗೂ ಹಿಡಿಯದ ವಸ್ತುಗಳೂ ಇವೆ. ಸಾಹಸಯಾತ್ರಿ ಟಿಮ್ ಸೆವೆರಿನ್ ಅವರು ಸಿಂದಬಾದನ ಹಾದಿ ಹಿಡಿದು 1980ರಿಂದ 81ರವರೆಗೆ ಚೀನಾಕ್ಕೆ ಹೋದ 'ಸೊಹಾರ್' ಹಡಗು ಈಗ ಮಸ್ಕತ್‌ನ ಅಲ್ ಬುಸ್ತಾನ್ ಬಳಿಯ ವೃತ್ತದಲ್ಲಿ ಬಯಲಿಗೇ ನಿಂತಿದೆ. ಒಂದೂ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಲ್ಲಿ ಹೊಲಿದ ಹಡಗು. ಹಲಗೆ ಮಲಬಾರಿನಿಂದ ತಂದ, ಮಲೆನಾಡಿಗರು ಹೆಬ್ಬಲಸು ಎನ್ನುವ ಮರದ್ದು. ಅದೇ ಕ್ರಮದಲ್ಲಿ ಒಮಾನಿನ ಖಂತಬ್ ಕಡಲತಡಿಯಲ್ಲಿ ಹೊಲಿದು, 2010ರ ಫೆಬ್ರವರಿಯಲ್ಲಿ ಹೊರಟು ಜುಲೈಯಲ್ಲಿ ಸಿಂಗಪುರ ಮುಟ್ಟಿದ 'ಜುವೆಲ್ ಆಫ್ ಮಸ್ಕತ್' ಹಡಗನ್ನು ಅಲ್ಲಿಯ ಜನರಿಗೆ ಉಡುಗೊರೆ ಕೊಡಲಾಯಿತು. ಅದಕ್ಕಾಗಿ ಮ್ಯೂಸಿಯಂ ಒಳಗೆ ಜಾಗವೇ ಸಿದ್ಧವಾಯಿತು. ಕಟ್ಟಡವೇ ಪೆಟ್ಟಿಗೆ ಎಂದಂತೆ. ಮಸ್ಕತ್‌ನಲ್ಲಿ ಬಯಲಲ್ಲಿರುವ ಅಕ್ಕನಿಗೂ ಸಿಂಗಪುರದಲ್ಲಿ ಸೂರಿನಡಿ ಸೇರಿದ ತಂಗಿಗೂ ಬಿಸಿಲು ಮಳೆಯ ಪಾಲು ಬೇರೆಬೇರೆಯಾಗಿಹೋಯಿತು.

ವಸ್ತು ಕೂರಿಸುವ ದಿನ ಗದ್ದಲ ಇರುವುದಿಲ್ಲ. ಪೆಟ್ಟಿಗೆ ಖಾಲಿಯಿದ್ದಾಗಲೇ ಎರಡು ಮೂರು ವಾರ ತೇವ, ಶಾಖದ ದಾಖಲೆ ತೆಗೆದಿರುತ್ತಾರೆ. ಪ್ರತಿ ವಸ್ತುವಿನ ಹಳೆಯ ಬಿರುಕು, ಕಲೆಗಳ ಫೋಟೊ ತೆಗೆದು ಬರೆದುಕೊಂಡು, ಲೋಹವನ್ನು ಕೈಗವಸು ತೊಟ್ಟು, ಕಾಗದವನ್ನು ತೊಳೆದ ಬರಿಗೈಯಲ್ಲಿ ಎತ್ತಿ ಆಸರೆಗೆ ಇಳಿಸುತ್ತಾರೆ. ಕೈಗವಸಿನ ಬೆರಳಿಗೆ ಕಾಗದದ ಅಂಚು ತಿಳಿಯುವುದಿಲ್ಲ. ಗಾಜಿನ ಒಳಮೈ ಒರೆಸಿ, ದೀಪ ತಿರುಗಿಸಿ ನೆರಳು ನೋಡಿ, ಬಾಗಿಲು ಮುಚ್ಚಿ ಎರಡು ಬೀಗ ಹಾಕುತ್ತಾರೆ. ಮುಂದೆ ಹಸ್ತಪ್ರತಿಯ ಪುಟವನ್ನು ಕೆಲವು ತಿಂಗಳಿಗೊಮ್ಮೆ ಮಗುಚಬೇಕು, ಬಟ್ಟೆಯನ್ನು ಇಳಿಸಿ ಕತ್ತಲೆಯ ಕಪಾಟಿಗೆ ಕಳಿಸಿ ಅದರ ಜಾಗಕ್ಕೆ ಇನ್ನೊಂದನ್ನು ತರಬೇಕು.

ದೋಫಾರಿನ ಸಲಾಲಾದಲ್ಲಿ ಕೆಲಸ ತುಸು ಹೆಚ್ಚು. ನಮ್ಮ ಕರಾವಳಿಗೆ ಮುಂಗಾರು ಬಂದ ಕೆಲವೇ ವಾರದಲ್ಲಿ, ಅದೇ ನೈಋತ್ಯದ ಗಾಳಿ ದೋಫಾರಿನ ಬೆಟ್ಟಗಳಿಗೆ ಮಂಜನ್ನೂ ಸೋನೆಯನ್ನೂ ತರುತ್ತದೆ. ಖರೀಫ್ ಎಂದು ಕರೆಯುವ ಈ ಕಾಲ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಊರಿಗೆ ಪ್ರವಾಸಿಗಳು ತುಂಬುವುದೂ, ಗಾಳಿಗೆ ತೇವ ತುಂಬುವುದೂ ಒಟ್ಟಿಗೇ. ಒದ್ದೆ ಚಪ್ಪಲಿ, ಒದ್ದೆ ಬಟ್ಟೆಯ ಜನ ಗಾಜಿನ ಮುಂದೆ ನಿಂತಿರುವಾಗ ಕೆಳಗಿನ ಖಾನೆಯ ಹರಳು ಸದ್ದಿಲ್ಲದೆ ನೀರು ಕುಡಿಯುತ್ತಿರುತ್ತದೆ. ಮಂಜು ಸರಿದ ಮೇಲೆ ಖಾನೆಯ ಪುಟ್ಟ ಬಾಗಿಲು ತೆರೆದು, ತೇವಗೊಂಡು ಬಣ್ಣ ಬದಲಿಸಿದ ಹರಳನ್ನು ತಟ್ಟೆಗೆ ಸುರಿದು, ಒಲೆಯಲ್ಲಿ ಕಾಯಿಸಿ ಒಣಗಿಸಿ, ತಣಿದ ಮೇಲೆ ಬೇಕಾದಷ್ಟು ತೇವಕ್ಕೆ ಹದಗೊಳಿಸಿ ಮತ್ತೆ ತುಂಬಿಡುತ್ತಾರೆ.